ಬಾತುಮೊಟ್ಟೆ ಕಾವಿಗಿಟ್ಟ ಮನೆ

ಪಕ್ಕದ ಮನೆ ಮೇಷ್ಟ್ರು ಬಾತುಮೊಟ್ಟೆ ಕಾವಿಗಿಟ್ಟಾಗಿನಿಂದ ನಮ್ಮ ರಸ್ತೆಯ ಮಾತುಕತೆಯೇ ಬದಲಾಗಿಹೋಗಿದೆ. ಮೊದಲೆಲ್ಲ ಕಾಂಪೌಂಡಿನ ಹತ್ತಿರ ನಿಂತರೆ ನಲ್ಲಿ ಬಂತಾ, ಹಾಲಿನವನು ಬಂದನಾ ಅಂತ ಶುರುವಾಗುತ್ತಿತ್ತು. ಈಗ "ಎಷ್ಟಿದೆ ಇವತ್ತು?" ಅಂತ ನಾನು ಕೇಳುವುದು, "ಮೂವತ್ತೇಳೂವರೆ" ಅಂತ ಅವರು ಹೇಳುವುದು. ದಾರಿಯಲ್ಲಿ ಹೋಗುವವರು ಕೇಳಿಸಿಕೊಂಡರೆ ಮನೆಯಲ್ಲಿ ಯಾರಿಗೋ ಜ್ವರ ಅಂದುಕೊಳ್ಳಬೇಕು, ಅಲ್ವಾ?

ಜ್ವರ ಅಂದೆನಲ್ಲ, ಈ ಕೆಲಸದಲ್ಲಿ ನಂಬಬಹುದಾದ ಸಾಧನವೂ ಮೆಡಿಕಲ್ ಶಾಪಿನ ಜ್ವರ ನೋಡುವ ಥರ್ಮಾಮೀಟರೇ. ಕಾವುಪೆಟ್ಟಿಗೆಯ ಮುಖದ ಮೇಲೆ ಕೆಂಪು ಅಂಕಿ ಉರಿಯುತ್ತಿರುತ್ತದಲ್ಲ, ಅದನ್ನು ವೇದವಾಕ್ಯ ಅಂದುಕೊಂಡು ಕೂತವರೇ ಜಾಸ್ತಿ. ಒಳಗೆ ಒಂದು ಡಿಗ್ರಿ ಹೆಚ್ಚಿದ್ದರೂ ಅದು ತನ್ನ ಪಾಡಿಗೆ 37.5 ಅಂತಲೇ ತೋರಿಸುತ್ತಿರಬಹುದು. ಕಾವು ಕಮ್ಮಿಯಾದರೆ ಮರಿ ತಡವಾಗಿ, ಸೊರಗಿ ಬರುತ್ತದೆ. ಹೆಚ್ಚಾದರೆ ಬೇಗ ಬರುತ್ತದೆ, ಆದರೆ ಹೊಕ್ಕುಳೇ ಮುಚ್ಚಿರುವುದಿಲ್ಲ, ಪಾಪ. ಫ್ಯಾನ್ ಇಲ್ಲದ ಪೆಟ್ಟಿಗೆಯಾದರೆ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ಒಂದು ಡಿಗ್ರಿ ಮೇಲೇ ಇರಬೇಕು, ಆ ಲೆಕ್ಕ ಬೇರೆ.

ತೇವಾಂಶದ ಮೀಟರ್ ಕತೆ ಇನ್ನೂ ಮಜವಾಗಿದೆ. ಅದು ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ಅಡುಗೆಮನೆಯ ಉಪ್ಪು ಸಾಕು ನೋಡಿ. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕೆಸರಿನ ಹದಕ್ಕೆ ಬರುವಷ್ಟೇ ನೀರು ಚಿಮುಕಿಸಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿ ಬಿಟ್ಟುಬಿಡಬೇಕು. ಬೆಳಿಗ್ಗೆ ಮುಳ್ಳು 75ಕ್ಕೆ ನಿಂತಿರಬೇಕು. 70 ತೋರಿಸಿದರೆ ಮುಂದೆ ಯಾವಾಗಲೂ ಐದು ಸೇರಿಸಿ ಓದಿಕೊಳ್ಳುವುದು, ಅಷ್ಟೇ. ಮೇಷ್ಟ್ರು ಇದನ್ನು ಮಾಡುವಾಗ ಮೊಮ್ಮಗಳು ಡಬ್ಬಿಯ ಮುಂದೆಯೇ ಮಲಗಿಬಿಟ್ಟಿದ್ದಳು, ಮುಳ್ಳು ಅಲ್ಲಾಡೋದನ್ನು ನೋಡ್ತೀನಿ ಅಂತ.

ಮೈಸೂರಿನ ನಮ್ಮ ಯಾದವಗಿರಿ ಸ್ವಲ್ಪ ದಿಣ್ಣೆ ಮೇಲಿರುವ ಜಾಗ ತಾನೇ? ಮಾರ್ಚ್ ಏಪ್ರಿಲ್‌ನಲ್ಲಿ ಬೀಸುವ ಒಣಗಾಳಿಗೆ ಒಗೆದ ಬಟ್ಟೆ ಹಿಂಡುವಷ್ಟರಲ್ಲಿ ಒಣಗುತ್ತದೆ. ಆರ್. ಕೆ. ನಾರಾಯಣ್ ಇಲ್ಲಿ ಮನೆ ಕಟ್ಟಿಸಿದಾಗ ಮಹಡಿ ಮೇಲಿನ ಬರೆಯುವ ಕೋಣೆಗೆ ಸುತ್ತಲೂ ಕಿಟಕಿ ಇಡಿಸಿದ್ದರು. 2016ರಿಂದ ಅದು ಮ್ಯೂಸಿಯಂ ಆಗಿದೆಯಲ್ಲ, ಹೋದಾಗ ಆ ಕಿಟಕಿಗಳ ಹತ್ತಿರ ಒಂದು ನಿಮಿಷ ನಿಂತು ನೋಡಿ. ಬರೆಯುವವರಿಗೆ ಅಂಥ ಕೋಣೆ ಸಿಕ್ಕರೆ ಪುಣ್ಯ. ಮೊಟ್ಟೆಗೆ ಮಾತ್ರ ಅದು ಬೇಡ. ಬಿಸಿಲು ಬೀಳದ, ಗಾಳಿ ನುಗ್ಗದ ಒಳಕೋಣೆಯೇ ಕಾವುಪೆಟ್ಟಿಗೆಗೆ ಸರಿ. ಮೇಷ್ಟ್ರು ವರಾಂಡದಲ್ಲಿಟ್ಟಿದ್ದನ್ನು ದೇವರಮನೆ ಪಕ್ಕಕ್ಕೆ ಸಾಗಿಸಿದ್ದು ಇದಕ್ಕೇ.

ಬೇಸಿಗೆಯಲ್ಲಿ ಪೆಟ್ಟಿಗೆಯೊಳಗೆ ಬಟ್ಟಲು ನೀರು ಬೇಕೇ ಬೇಕು, ಶೇಕಡ 55ರಿಂದ 60 ತೇವ ಇರಲಿ. ಮಳೆಗಾಲದಲ್ಲಿ ಇಷ್ಟು ಪಾಡಿಲ್ಲ, ಆಗ ಒಂದೊಂದು ಸಲ ನೀರೇ ಇಡದೆ ನಡೆದುಹೋಗುತ್ತದೆ. ಮೀಟರಿಗಿಂತಲೂ ಅಡುಗೆಮನೆಯ ತಕ್ಕಡಿ ನಿಯತ್ತಿನದು. ಮೊಟ್ಟೆ 25 ದಿನಕ್ಕೆ ತನ್ನ ತೂಕದಲ್ಲಿ ನೂರಕ್ಕೆ ಹದಿಮೂರರಷ್ಟು ಇಳಿಯಬೇಕು. 70 ಗ್ರಾಮಿನದು ಸುಮಾರು 61ಕ್ಕೆ ಬರಬೇಕು ಅನ್ನಿ. ಅಷ್ಟು ಇಳಿಯದಿದ್ದರೆ ಒಳಗೆ ನೀರು ಹೆಚ್ಚಾಗಿ ಮರಿ ಉಸಿರು ಕಟ್ಟಿ ಹೋಗುತ್ತದೆ. ವಿಪರೀತ ಇಳಿದರೆ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ.

ನೀರಿನ ವಿಷಯದಲ್ಲಿ ನಮ್ಮ ಅಜ್ಜಿಗೆ ಯಾವ ಮೀಟರೂ ಬೇಕಿರಲಿಲ್ಲ ಕಣ್ರೀ. ನರಸೀಪುರದ ಕಡೆ, ನಾಲೆ ಪಕ್ಕದ ಊರು. ಅಜ್ಜಿ ಮಂಕರಿಯಲ್ಲಿ ಹುಲ್ಲು ಹಾಸಿ, ಕಾವಿಗೆ ಬಂದ ಹ್ಯಾಟೆಯ ಕೆಳಗೆ ಬಾತುಮೊಟ್ಟೆ ಇಡುತ್ತಿದ್ದರು. ಹುಲ್ಲಿನ ಮಧ್ಯೆ ಒಂದು ಇದ್ದಿಲ ಚೂರು, ಒಂದು ತುಕ್ಕು ಹಿಡಿದ ಮೊಳೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಅದು. ಮೊಟ್ಟೆಯ ಒಂದು ಮಗ್ಗುಲಿಗೆ ಇದ್ದಿಲಲ್ಲೇ ಗೀಟು ಎಳೆದು, ದಿನಾ ಮೂರು ಹೊತ್ತು ಮಗುಚುತ್ತಿದ್ದರು, ಬಾತುಮೊಟ್ಟೆ ಭಾರ, ಕೋಳಿಯ ಕೊಕ್ಕಿಗೆ ಸರಿಯಾಗಿ ಉರುಳದು ಅಂತ. ಕೊನೆಯ ವಾರ ಬೆರಳದ್ದಿ ನೀರು ಚಿಮುಕಿಸುವುದು. ಕೋಳಿಮೊಟ್ಟೆಗೆ ಮಾತ್ರ ಹಾಗೆ ಮಾಡುತ್ತಿರಲಿಲ್ಲ. ತಾಯಿಬಾತು ದಿನಕ್ಕೊಮ್ಮೆ ಎದ್ದು ನೀರಿಗಿಳಿದು, ಒದ್ದೆ ಹೊಟ್ಟೆಯಲ್ಲೇ ವಾಪಸು ಬಂದು ಕೂರುತ್ತದಲ್ಲ, ಆ ಒದ್ದೆಯನ್ನೇ ಅಜ್ಜಿ ಬೆರಳಿನಿಂದ ಕೊಡುತ್ತಿದ್ದದ್ದು. ಇವತ್ತಿಗೂ ತಿಳಿದವರು ಎರಡನೇ ವಾರದಿಂದ ದಿನಕ್ಕೊಂದು ಹತ್ತು ನಿಮಿಷ ಪೆಟ್ಟಿಗೆ ತೆರೆದು ಮೊಟ್ಟೆ ಆರಲು ಬಿಟ್ಟು, ಉಗುರುಬೆಚ್ಚನೆ ನೀರು ಸಿಂಪಡಿಸುತ್ತಾರೆ.

ಇನ್ನು ಬಾತಿಗೇ ಕಾವು ಕೂರಿಸಬಹುದಲ್ಲ ಅಂದರೆ, ನಮ್ಮ ಕಡೆ ಸಿಗುವ ಖಾಕಿ ಕ್ಯಾಂಪ್‌ಬೆಲ್‌ಗೆ ಆ ಗೊಡವೆಯೇ ಇಲ್ಲ. ಇಂಗ್ಲೆಂಡಿನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಅನ್ನುವ ಹೆಂಗಸು 1900ರ ಆಸುಪಾಸಿನಲ್ಲಿ ಬೆಳೆಸಿದ ತಳಿ ಅದು. ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರದಲ್ಲೂ ಸಾಕಿದ್ದಾರೆ. ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಇಡುತ್ತದೆ, ಇಟ್ಟು ಎದ್ದುಹೋಗುತ್ತದೆ. ಇಡುವುದೂ ನಸುಕಿನಲ್ಲಿ, ಸಿಕ್ಕಿದ ಕೆಸರಿನಲ್ಲಿ. ಕೊಳೆಮೊಟ್ಟೆಯ ಹಾವಳಿ ಅಲ್ಲಿಂದಲೇ ಶುರು. ಕೊಳಕಿದೆ ಅಂತ ತೊಳೆದಿಟ್ಟರೆ ಕೊಳೆ ಚಿಪ್ಪಿನ ರಂಧ್ರದೊಳಕ್ಕೇ ಇಳಿಯುತ್ತದೆ. ಚೊಕ್ಕಟ ಇರುವುದನ್ನೇ ಆರಿಸಿ, ಚೂಪು ತುದಿ ಕೆಳಗೆ ಮಾಡಿ, ಒಂದು ವಾರದೊಳಗೆ ಕಾವಿಗಿಡಬೇಕು. ಏಳನೇ ದಿನ ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟರೆ, ಒಳಗೆ ಜೇಡರ ಬಲೆಯ ಹಾಗೆ ಕೆಂಪು ನರ ಹರಡಿರುತ್ತವೆ. ಏನೂ ಕಾಣದಿದ್ದರೆ ಬರಡು, ಬರೀ ಕೆಂಪು ಉಂಗುರ ಕಂಡರೆ ಒಳಗಿನ ಜೀವ ಹೋಗಿದೆ. ಅಂಥದ್ದನ್ನು ಅವತ್ತೇ ತೆಗೆದುಬಿಡಬೇಕು. ಪೆಟ್ಟಿಗೆಯೊಳಗೆ ಒಂದು ಕೊಳೆಮೊಟ್ಟೆ ಸಿಡಿದರೆ ನಾತ ಹಾಗಿರಲಿ, ಪಕ್ಕದವೂ ಕೆಡುತ್ತವೆ.

ಕರೆಂಟ್ ಹೋದಾಗಿನ ಗಾಬರಿ ಮಾತ್ರ ಅಷ್ಟು ಬೇಡ. ಮುಚ್ಚಳ ತೆಗೆಯದೆ, ಮೇಲೊಂದು ಕಂಬಳಿ ಹೊದಿಸಿ, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟರೆ ಒಂದೆರಡು ಗಂಟೆ ಆರಾಮಾಗಿ ಕಳೆಯುತ್ತದೆ. ಚೀನಾದಲ್ಲಿ, ಬಾಂಗ್ಲಾದೇಶದಲ್ಲಿ ಕರೆಂಟೇ ಇಲ್ಲದೆ, ಬಿಸಿ ಮಾಡಿದ ಭತ್ತದ ಹೊಟ್ಟಿನ ನಡುವೆ ಮೊಟ್ಟೆ ಹೂತಿಟ್ಟು ರಾಶಿ ರಾಶಿ ಬಾತುಮರಿ ಮಾಡಿದ್ದಾರಂತೆ ಅಂದಾಗ ಮೇಷ್ಟ್ರ ಮುಖ ಸ್ವಲ್ಪ ಗೆಲುವಾಯಿತು. ಮೊಟ್ಟೆಗಳು ತಂಪು ಕೊಂಚ ತಡೆಯುತ್ತವೆ, ಸೆಕೆ ತಡೆಯವು. ಭಯ ಇರಬೇಕಾದದ್ದು ಥರ್ಮೋಸ್ಟಾಟ್ ಕೆಟ್ಟು ನಲವತ್ತು ದಾಟುವುದಕ್ಕೆ.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಕೊನೆಯ ಮೂರು ದಿನದ ಮಾತು. ಇಪ್ಪತ್ತೈದಕ್ಕೆ ಮಗುಚುವುದನ್ನು ನಿಲ್ಲಿಸಿ, ತೇವವನ್ನು 70ರ ಮೇಲಕ್ಕೇರಿಸಿ, ಪೆಟ್ಟಿಗೆ ಮುಚ್ಚಿದರೆ ಮುಚ್ಚಿದ ಹಾಗೇ ಇರಬೇಕು. ಆಗ ಕಿವಿಗೊಟ್ಟರೆ ಮೊಟ್ಟೆಯೊಳಗಿನಿಂದಲೇ ಕೀಚುಕೀಚು ಕೇಳುತ್ತದೆ! ಗಿಲ್ಬರ್ಟ್ ಗಾಟ್ಲೀಬ್ ಎಂಬ ಅಮೆರಿಕದ ವಿಜ್ಞಾನಿ ಇದರ ಬೆನ್ನು ಹತ್ತಿದ್ದರು. ಮೊಟ್ಟೆಯಲ್ಲಿದ್ದಾಗ ತನ್ನ ದನಿಯನ್ನೋ ಒಡಹುಟ್ಟಿದವರ ದನಿಯನ್ನೋ ಕೇಳಿಸಿಕೊಂಡ ಮರಿಗೇ, ಹೊರಬಂದ ಮೇಲೆ ತಾಯಿಯ ಕರೆ ಸರಿಯಾಗಿ ಗುರುತು ಸಿಗುವುದು ಅಂತ ತೋರಿಸಿಕೊಟ್ಟರು. ಎಂಥಾ ಸೋಜಿಗ, ಅಲ್ವಾ?

ಆಮೇಲೆ ಚಿಪ್ಪಿನ ಮೇಲೆ ಸಣ್ಣ ಬಿರುಕು. ಮನೆಮಂದಿಯ ಕೈ ಕಡಿಯಲು ಶುರುವಾಗುವುದು ಆಗಲೇ. ಮೊನ್ನೆ ಸಂಜೆ ಮೇಷ್ಟ್ರ ಹೆಂಡತಿ ಬೇಲಿ ಹತ್ತಿರ ಬಂದು, "ಬೆಳಿಗ್ಗೆ ಕುಕ್ಕಿದ್ದು ಹಾಗೇ ಇದೆ ರೀ, ಪಾಪ ಸುಸ್ತಾಗಿದೆ ಅನ್ಸುತ್ತೆ, ಸ್ವಲ್ಪ ಬಿಡಿಸಿಕೊಡ್ಲಾ?" ಅಂದರು. ಬೇಡವೇ ಬೇಡ ಅಂದೆ. ಹೊರಗೆ ಸುಮ್ಮನಿದ್ದ ಹಾಗೆ ಕಂಡರೂ ಒಳಗೆ ಮರಿ ದೊಡ್ಡ ಕೆಲಸದಲ್ಲಿರುತ್ತದೆ. ಉಳಿದ ಹಳದಿಯನ್ನು ಹೊಟ್ಟೆಗೆ ಎಳೆದುಕೊಳ್ಳಬೇಕು, ಪೊರೆಯ ನರಗಳಲ್ಲಿರುವ ರಕ್ತ ಮೈಗೆ ಸೇರಬೇಕು. ಇದಕ್ಕೆ ಒಂದು ದಿನ ಹಿಡಿಯುತ್ತದೆ, ಎರಡು ದಿನವೂ ಹಿಡಿಯುತ್ತದೆ. ನಡುವೆ ಚಿಪ್ಪು ಸುಲಿದರೆ ರಕ್ತ ಸೋರಿ ಮರಿ ಕಣ್ಣೆದುರೇ ಹೋಗುತ್ತದೆ. ಎರಡು ದಿನ ತುಂಬಿ, ಪೊರೆ ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಆಗ ಬೆಚ್ಚನೆ ನೀರಿನ ಹತ್ತಿಯಲ್ಲಿ ಒದ್ದೆ ಮಾಡಿ ಚೂರೇ ಚೂರು ಬಿಡಿಸಬಹುದು. ಒಂದು ಕೆಂಪು ಎಳೆ ಕಂಡರೂ ಕೈ ತೆಗೆಯಬೇಕು. ಮನೆಗಳಲ್ಲಿ ಕೊನೆ ಗಳಿಗೆಯಲ್ಲಿ ಸಾಯುವ ಮರಿಗಳಲ್ಲಿ ಎಷ್ಟೋ ಮರಿಗಳಿಗೆ ಪೆಟ್ಟಿಗೆಗಿಂತ ನಮ್ಮ ಅವಸರವೇ ಮುಳುವು ಅಂತ ನನಗೆ ಖಾತರಿ.

ದಿನದ ಲೆಕ್ಕವೂ ಅಷ್ಟೇ. ಕೋಳಿಗೆ 21, ಬಾತಿಗೆ 28 ಅಂತ ಎಲ್ಲರಿಗೂ ಗೊತ್ತು. ಮುಖದ ಮೇಲೆ ಕೆಂಪು ಗಂಟುಗಂಟಿರುವ ಮಸ್ಕವಿ ಬಾತಿಗೆ 35 ಬೇಕು ಅನ್ನುವುದು ಗೊತ್ತಿಲ್ಲದೆ, ಇಪ್ಪತ್ತೊಂಬತ್ತಕ್ಕೇ ಜೀವ ಇರುವ ಮೊಟ್ಟೆಯನ್ನು ತಿಪ್ಪೆಗೆ ಎಸೆದವರಿದ್ದಾರೆ. ನೆನೆಸಿಕೊಂಡರೆ ಹೊಟ್ಟೆ ಚುರ್ ಅನ್ನುತ್ತದೆ.

ಬಂದ ಮರಿಗಳನ್ನು ನ್ಯೂಸ್‌ಪೇಪರ್ ಮೇಲೆ ಬಿಡಬೇಡಿ, ಜಾರಿ ಕಾಲು ಅಗಲವಾಗುತ್ತದೆ, ಹಳೆ ಟವೆಲ್ ಹಾಸಿ. ಕುಡಿಯುವ ನೀರು ಆಳ ಬೇಡ, ಆದರೆ ಮೂಗಿನ ಹೊಳ್ಳೆ ತೊಳೆದುಕೊಳ್ಳುವಷ್ಟಿರಲಿ. ಮಿಕ್ಕಿದ್ದು ಅವೇ ನೋಡಿಕೊಳ್ಳುತ್ತವೆ.

ಬೆಳೆದ ಮೇಲೆ ಇವು ಮಾಡುವ ಗದ್ದಲಕ್ಕೂ ಗಲೀಜಿಗೂ ನಮ್ಮ ಮೂವತ್ತು ನಲವತ್ತರ ಸೈಟಿನಲ್ಲಿ ಜಾಗ ಸಾಲದು. ಹಾಗಂತ ಹತ್ತಿರದಲ್ಲೇ ಇದೆಯಲ್ಲ ಅಂತ ಕುಕ್ಕರಹಳ್ಳಿ ಕೆರೆಗೆ ಮಾತ್ರ ಬಿಟ್ಟುಬರಬೇಡಿ. ಹಕ್ಕಿಜ್ವರದಿಂದ 2017ರ ಜನವರಿಯಲ್ಲಿ ನಮ್ಮ ಮೃಗಾಲಯವೇ ಒಂದು ತಿಂಗಳು ಬಾಗಿಲು ಹಾಕಿತ್ತು. 2020ರ ಮಾರ್ಚಿನಲ್ಲಿ ಇಲ್ಲೇ ಕುಂಬಾರಕೊಪ್ಪಲಿಗೂ ಬಂದಿತ್ತು. ಕೆರೆಯ ಕಾಡುಹಕ್ಕಿಗಳೂ ಮನೆಯ ಬಾತುಗಳೂ ಬೆರೆಯುವುದು ಇಬ್ಬರಿಗೂ ಕೇಡು. ಹೊಂಡ ಇರುವ ರೈತರನ್ನು ಯಾರನ್ನಾದರೂ ಮೊದಲೇ ಕೇಳಿ ಒಪ್ಪಿಸಿಕೊಳ್ಳಿ, ಆಮೇಲೆ ಮೊಟ್ಟೆ ಕಾವಿಗಿಡಿ.