ಬ್ರಿಟಿಷ್ ಪತ್ತೇದಾರಿ ಕಾದಂಬರಿಗಾರ್ತಿಯರ ಮೇಲೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪ್ರಭಾವ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕು ಕಂದಾಯ ಇಲಾಖೆಯ ಕಣ್ಣಿಗೆ ತುಮಕೂರು ಜಿಲ್ಲೆ, ಶಿಕ್ಷಣ ಇಲಾಖೆಯ ಕಣ್ಣಿಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪಟ್ಟಿಯಲ್ಲಿ ಎಷ್ಟನೇ ಸ್ಥಾನವೆಂದು ಹುಡುಕುವುದು ಬಿಟ್ಟರೆ ನಾಡಿನ ಪಂಡಿತರು ಇತ್ತ ತಿರುಗಿ ನೋಡಿದ್ದಿಲ್ಲ. ಜಗತ್ತಿನ ಸಾಹಿತ್ಯಕ್ಕೆ ಈ ಜಿಲ್ಲೆ ಕೊಟ್ಟ ಕೊಡುಗೆ ಹೀಗೆ ಮಣ್ಣು ಮುಚ್ಚಿಕೊಂಡು ಬಿದ್ದಿದೆ. ಅದನ್ನು ಅಗೆದು ತೆಗೆಯುವುದೇ ಪ್ರಸ್ತುತ ಸಂಶೋಧಕನ ಉದ್ದೇಶ.

ಎರಡು ಮಹಾಯುದ್ಧಗಳ ನಡುವಿನ ಕಾಲವನ್ನು ಪತ್ತೇದಾರಿ ಕಾದಂಬರಿಯ ಸುವರ್ಣಯುಗ ಎನ್ನುತ್ತಾರೆ. ಅದರ ರಾಣಿಯರೆಂದು ಹೆಸರಾದವರು ಅಗಾಥಾ ಕ್ರಿಸ್ಟಿ, ಡೊರೊತಿ ಎಲ್. ಸೇಯರ್ಸ್, ಮಾರ್ಜರಿ ಆಲಿಂಗ್‌ಹ್ಯಾಮ್, ನಯೋ ಮಾರ್ಷ್. ರಾಣಿಯರು ನಾಲ್ವರು, ತಾಲ್ಲೂಕು ನಾಲ್ಕು. ಕಾಕತಾಳೀಯ ಎನ್ನುವವರು ಎನ್ನಲಿ. ಜೋಸೆಫಿನ್ ಟೇ ಎಂಬಾಕೆಯನ್ನೂ ಎಣಿಸಬೇಕೆಂದು ಕೆಲವರ ವಾದ. ಎಣಿಸಿದರೆ ಐದಾಗುತ್ತದೆ, ಆದ್ದರಿಂದ ಎಣಿಸುವುದಿಲ್ಲ.

ಮಧುಗಿರಿಯಿಂದ ಆರಂಭಿಸೋಣ. ಆಲಿಂಗ್‌ಹ್ಯಾಮ್ 1929ರಲ್ಲಿ ಆಲ್ಬರ್ಟ್ ಕ್ಯಾಂಪಿಯನ್ ಎಂಬ ಪತ್ತೇದಾರನನ್ನು ಹುಟ್ಟಿಸಿದರು. ಅದು ಆತನ ನಿಜವಾದ ಹೆಸರಲ್ಲ. ದೊಡ್ಡ ಮನೆತನದವನು ಬೇರೆ ಹೆಸರಿಟ್ಟುಕೊಂಡು ತಿರುಗುತ್ತಾನೆ. ಮಧುಗಿರಿಯೂ ಮೊದಲು ಮದ್ದಗಿರಿ. ಹೆಸರು ಬದಲಿಸಿಕೊಂಡು, ಏನೂ ಅರಿಯದಂತೆ ಬೆಟ್ಟದ ನೆರಳಲ್ಲಿ ಕುಳಿತಿದೆ. ಆ ಬೆಟ್ಟವೋ ಒಂದೇ ಬಂಡೆ, ಮೇಲೆ ಕೋಟೆ. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹೆಣ ಬೀಳಿಸಲು ಇಂಗ್ಲೆಂಡಿನವರು ಪಟ್ಟ ಪಾಡು ನೋಡಿದರೆ, ಇಂಥ ಜಾಗ ಅವರಿಗೇಕೆ ಹೊಳೆಯಲಿಲ್ಲವೋ. ಸಂಶೋಧಕನು ಬೆಟ್ಟದ ಬುಡದ ಊರಲ್ಲಿ ಎರಡು ಮುದ್ದೆ, ಹುರುಳಿಕಾಳಿನ ಬಸ್ಸಾರು ಮುಗಿಸಿ ಸ್ಥಳಪರಿಶೀಲನೆಗೆ ಹತ್ತತೊಡಗಿದನು. ಎರಡನೆಯ ಮುದ್ದೆಯ ದೆಸೆಯಿಂದ ಪರಿಶೀಲನೆ ಅರ್ಧ ಬೆಟ್ಟಕ್ಕೇ ನಿಂತಿತು.

ಇನ್ನು ಶಿರಾ. 1687ರಲ್ಲಿ ಮೊಘಲರ ಸುಬಾದ ರಾಜಧಾನಿ. 1761ರಲ್ಲಿ ಹೈದರಾಲಿಯ ಕೈಗೆ. ಸೇಯರ್ಸ್ ಜನನ 1893, ಮೊದಲ ಕಾದಂಬರಿ 1923, ಮರಣ 1957. ಶಿರಾ, ಸೇಯರ್ಸ್: ನಾದಸಾಮ್ಯ ಸ್ವಯಂವೇದ್ಯ. ಇಲ್ಲಿ ಎರಡು ದಿನ ತೀವ್ರ ಕ್ಷೇತ್ರಕಾರ್ಯ ನಡೆಸಲಾಯಿತು.

ಪಾವಗಡದಲ್ಲಿ ಮಾತ್ರ ಸಾಕ್ಷ್ಯಗಳ ಸುಗ್ಗಿ. ಹೆಚ್ಚುಕಡಿಮೆ ಸುತ್ತಲೂ ಆಂಧ್ರ, ನಡುವೆ ಕರ್ನಾಟಕ. ಬಸ್ ನಿಲ್ದಾಣದಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಕೇಳಿದರೆ ಬಜ್ಜಿ ಕನ್ನಡದಲ್ಲಿ ಬರುತ್ತದೆ, ಚಿಲ್ಲರೆ ತೆಲುಗಿನಲ್ಲಿ. ಆ ಬಜ್ಜಿ ಕಚ್ಚುತ್ತಿರುವಾಗಲೇ ಸಂಶೋಧಕನಿಗೆ ಪೊಯ್ರೋ ಒಲಿದದ್ದು. ಕ್ರಿಸ್ಟಿಯ ಈ ಮೊಟ್ಟೆತಲೆಯ, ಮೀಸೆ ತೀಡಿದ ಪತ್ತೇದಾರ ಬೆಲ್ಜಿಯಮ್ಮಿನವನೆಂದು ಇದುವರೆಗೆ ನಂಬಿದ್ದೇವೆ. ಆದರೆ ಗಡಿಯ ತೆಲುಗಿನಲ್ಲಿ ಯಾರಾದರೂ ಹೋಗಿಬಿಟ್ಟರೆ ಹೊರಡುವ ಮೊದಲ ಕೂಗೇ ‘ಪೋಯೆರೋ!’ ಹೆಣ ಬಿದ್ದಲ್ಲಿ ಈ ಕೂಗು, ಕೂಗಿದಲ್ಲಿ ಆ ಮನುಷ್ಯ. ಇನ್ನೇನು ಬೇಕು?

ಬೇಕೆನ್ನುವವರಿಗೆ ಮಾರ್ಷ್ ಇದ್ದಾರೆ. ಅವರು ನ್ಯೂಜಿಲೆಂಡಿನವರು, ಪಾವಗಡದಂತೆಯೇ ರಾಜಧಾನಿಯಿಂದ ದೂರ. 1934ರಲ್ಲಿ ಅವರು ತಂದ ಪೊಲೀಸ್ ಅಧಿಕಾರಿಯ ಹೆಸರನ್ನು ಇಂಗ್ಲಿಷರು ‘ಆಲನ್’ ಎಂದು ಉಚ್ಚರಿಸಿ ಸಾಕ್ಷ್ಯನಾಶಕ್ಕೆ ಯತ್ನಿಸಿದ್ದಾರೆ. ಆದರೆ ಬರೆದಿರುವ ಅಕ್ಷರಗಳನ್ನು ಕೂಡಿಸಿ ಓದಿ: ‘ಅಲ್ಲೇನ್’. ಅಲ್ಲೇನು? ಅಲ್ಲೇನಾಯ್ತು? ಪತ್ತೇದಾರಿಯ ಬೀಜಮಂತ್ರವೇ ಇದು.

ವಿಷದ ವಿಚಾರದಲ್ಲೂ ಪಾವಗಡ ಹಿಂದೆ ಬಿದ್ದಿಲ್ಲ. ಮೊದಲ ಮಹಾಯುದ್ಧದಲ್ಲಿ ಕ್ರಿಸ್ಟಿ ಟಾರ್ಕಿಯ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿ ವಿಷಗಳ ತೂಕ ಕಲಿತರು. 1920ರ ಮೊದಲ ಕಾದಂಬರಿಯಲ್ಲಿ ಸಿರಿವಂತ ಮುದುಕಿಯೊಬ್ಬಳನ್ನು ಸ್ಟ್ರಿಕ್ನಿನ್ನಿನಿಂದ ಕೊಲ್ಲಿಸಿದರು. ಔಷಧ ವ್ಯಾಪಾರಿಗಳ ಪತ್ರಿಕೆಯೇ ಮೆಚ್ಚಿ ಬರೆಯಿತು. ಆ ಸ್ಟ್ರಿಕ್ನಿನ್ ಬರುವುದು ಕಾಸರಕದ ಬೀಜದಿಂದ, ಅಂದರೆ ನಮ್ಮ ಕಾಡುಮರದಿಂದ. ಕೊಲೆ ಅವರದು, ಕಚ್ಚಾ ಮಾಲು ನಮ್ಮದು. ಪಾವಗಡದ ಕೊಳವೆಬಾವಿಗಳಿಗೆ ಅಷ್ಟು ಬೀಜವೂ ಬೇಕಾಗಲಿಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ನಿಯಮ. ನಿಯಮ ದಾಟಿದ ನೀರನ್ನು ತಲೆಮಾರುಗಟ್ಟಲೆ ಕುಡಿದು ಹಲ್ಲು ಕಂದಿದವರು, ಮೊಣಕಾಲು ಬಗ್ಗದವರು ಊರೂರಿನಲ್ಲಿದ್ದಾರೆ. ಇಷ್ಟು ನಿಧಾನವಾದ, ಇಷ್ಟು ಜನರಿಗೆ ಒಟ್ಟಿಗೇ ಉಣಿಸಿದ ವಿಷದ ಕಥೆ ಬರೆಯಲು ನಾಲ್ವರು ರಾಣಿಯರಿಗೂ ಧೈರ್ಯವಾಗಲಿಲ್ಲ. ಕೊನೆಯ ಅಧ್ಯಾಯದಲ್ಲಿ ಯಾರನ್ನು ಬಂಧಿಸುವುದು?

ಪ್ರಬಂಧದ ಮಿತಿಗಳನ್ನೂ ಒಪ್ಪಿಕೊಳ್ಳಬೇಕು. 1926ರ ಡಿಸೆಂಬರಿನಲ್ಲಿ ಕ್ರಿಸ್ಟಿ ಮನೆಯಿಂದ ಕಾಣೆಯಾಗಿ 11 ದಿನ ಸಿಗಲಿಲ್ಲ. ಗಂಡ ಇನ್ನೊಬ್ಬಳನ್ನು ಮೆಚ್ಚಿದ್ದ ಕಾಲ ಅದು. ಆಕೆ ಆ 11 ದಿನ ಮಧುಗಿರಿ ತಾಲ್ಲೂಕಿನ ಮಿಡಿಗೇಶಿಯಲ್ಲಿದ್ದರೆಂದು ಸಾಧಿಸಿಬಿಡುವ ಆಸೆ ಸಂಶೋಧಕನಿಗೆ ಬಹಳವಿತ್ತು. ಬೊಂಬಾಯಿಗೆ ಬರುವ ಹಡಗಿಗೇ ಅಷ್ಟು ದಿನ ಸಾಲದೆಂದು ತಿಳಿದು ಮನಸ್ಸು ಮುದುಡಿತು. ಆಕೆ ಹ್ಯಾರೊಗೇಟ್ ಎಂಬ ಊರಿನ ಹೋಟೆಲಿನಲ್ಲಿ, ಗಂಡನ ಪ್ರೇಯಸಿಯ ಮನೆತನದ ಹೆಸರು ಬರೆಸಿ ತಂಗಿದ್ದರು. ಹೆಣ್ಣಿನ ಸಿಟ್ಟು ರುಜು ಹಾಕುವ ಬಗೆ ನೋಡಿ.

1957ರ ‘4.50 ಫ್ರಂ ಪ್ಯಾಡಿಂಗ್ಟನ್’ ಕಾದಂಬರಿಯೂ ಕೈಕೊಟ್ಟಿತು. ಅದರಲ್ಲಿ ಅಕ್ಕಪಕ್ಕ ಓಡುವ ಎರಡು ರೈಲು, ಪಕ್ಕದ ಕಿಟಕಿಯಲ್ಲಿ ಕಂಡ ಕೊಲೆ. ತುಮಕೂರು-ರಾಯದುರ್ಗ ಮಾರ್ಗ ಮುಗಿಯುವ ತನಕ ಮಧುಗಿರಿಗೆ ರೈಲಿಲ್ಲ. ಖಾಸಗಿ ಬಸ್ಸುಗಳು ಪೈಪೋಟಿಗೆ ಬಿದ್ದು ಅಕ್ಕಪಕ್ಕ ಓಡುವುದುಂಟು, ನಿಜ. ಆದರೆ ಆಚೆ ಕಿಟಕಿಯಲ್ಲಿ ಕಾಣುವುದು ಕೊಲೆಯಲ್ಲ, ಬೀಗಿತ್ತಿ. ಅಷ್ಟು ವೇಗದಲ್ಲೂ ‘ಮಗಳಿಗೆ ಗೊತ್ತಾಯ್ತೇನಕ್ಕಾ?’ ಎಂದು ವಿಚಾರಣೆ ಮುಗಿದಿರುತ್ತದೆ.

ಇನ್ನು ಕೊರಟಗೆರೆ. 1930ರ ‘ಮರ್ಡರ್ ಅಟ್ ದಿ ವಿಕರೇಜ್’ ಕಾದಂಬರಿಯ ಮಿಸ್ ಮಾರ್ಪಲ್‌ಗೆ ಬಂದೂಕಿಲ್ಲ, ಕಾರಿಲ್ಲ, ಮದುವೆಯೂ ಇಲ್ಲ. ಉಣ್ಣೆ ಹೆಣೆಯುತ್ತ ಕೂರುತ್ತಾಳೆ. ಎಂಥ ಘನವಾದ ಕೊಲೆ ನಡೆದರೂ ಅವಳಿಗೆ ತನ್ನ ಹಳ್ಳಿಯ ಯಾವುದೋ ಕೆಲಸದ ಹುಡುಗಿ ನೆನಪಾಗುತ್ತಾಳೆ. ಸಂಶೋಧಕನ ದೊಡ್ಡಮ್ಮ ಈ ತಾಲ್ಲೂಕಿನ ಒಂದು ಹಳ್ಳಿಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂರುತ್ತಾಳೆ. ಕೈಗೆ ಕೆಲಸ, ಕಣ್ಣಿಗೆ ಬಿಡುವು. ಬೀದಿಯವರು ಅವಳನ್ನು ಕಂಬದಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಕಂಬದ ಮುಂದೆ ಯಾರು ತಾನೇ ದನಿ ತಗ್ಗಿಸಿ ಮಾತಾಡುತ್ತಾರೆ?

ಒಮ್ಮೆ ಯುಗಾದಿಯ ಹಿಂದಿನ ವಾರ ಎದುರುಮನೆಯ ಹಿತ್ತಾಳೆ ಕೊಳಗ ಕಳೆಯಿತು. ಗಂಡಸರು ಸೇರಿ ಹಳೇ ಪಾತ್ರೆ ಕೊಳ್ಳುವವನನ್ನು ಹಿಡಿದು ತಂದರು. ದೊಡ್ಡಮ್ಮ ಕಾಯಿಂದ ಕಣ್ಣೆತ್ತದೆ ಕೇಳಿದ್ದು ಒಂದೇ ಮಾತು: “ಅವ್ನು ಹುಣಸೇಹಣ್ಣು ಸಾಲ ಕೇಳಿದ್ನಾ?” ಯಾರಿಗೂ ಅರ್ಥವಾಗಲಿಲ್ಲ. ಬೀದಿಯಲ್ಲಿ ಒಂದು ಮನೆ ಎಲ್ಲ ಸ್ಟೀಲು ಮಾಡಿಕೊಂಡು ವರ್ಷವಾಗಿತ್ತು. ಸಾರಿಗಾದರೆ ನಿಂಬೆಗಾತ್ರದ ಹುಣಸೇಹಣ್ಣು ಸಾಕು. ಅವರು ಹಿಂದಿನ ದಿನ ಸಾಲ ತಂದದ್ದು ಅರ್ಧ ಸೇರು. ಹಿತ್ತಾಳೆಯಿಲ್ಲದ ಮನೆಯಲ್ಲಿ ಬೆಳಗುವುದಕ್ಕೇನಿತ್ತು? ದೊಡ್ಡಮ್ಮ ಹೆಸರು ಹೇಳಲಿಲ್ಲ. ಬೆಳಗಾಗುವಷ್ಟರಲ್ಲಿ ಕೊಳಗ ಬಾವಿಕಟ್ಟೆಯ ಮೇಲೆ ಥಳಥಳ ಹೊಳೆಯುತ್ತ ಕುಳಿತಿತ್ತು.

ತನ್ನ ಹೆಸರಿನ ನಡುವಿನ ‘ಎಲ್’ ಬಿಡಕೂಡದೆಂದು ಸೇಯರ್ಸ್ ಹಟ ಹಿಡಿಯುತ್ತಿದ್ದುದೇಕೆಂಬುದು ಸಂಶೋಧಕನಿಗೆ ಆಗ ಹೊಳೆಯಿತು: ‘ಎಲ್ಲಿ ಸೇರ್ಸ್?’ ಆ ಅರ್ಧ ಸೇರು ಎಲ್ಲಿ ಹೋಯಿತು?

ಇಷ್ಟೆಲ್ಲ ಸರಕಿದ್ದೂ ಕನ್ನಡದ ಪತ್ತೇದಾರಿ ಜಗಲಿ ಹತ್ತಲಿಲ್ಲ. ಎನ್. ನರಸಿಂಹಯ್ಯನವರು ನಾಲ್ಕನೇ ತರಗತಿ ಓದಿ ನೂರಾರು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮ ಕತ್ತಲಲ್ಲಿ ಬೆನ್ನಟ್ಟುತ್ತಿದ್ದ, ನಾಡಿಗೆ ನಾಡೇ ಓದುವುದು ಕಲಿಯಿತು. ಹೆಂಗಸರು ಬರೆದದ್ದಕ್ಕೆ ‘ಸಾಮಾಜಿಕ ಕಾದಂಬರಿ’ ಎಂದು ಚೀಟಿ ಅಂಟಿಸಲಾಯಿತು. ಸಂಶೋಧಕನು ಇದನ್ನು ಒಪ್ಪುವುದಿಲ್ಲ. ತ್ರಿವೇಣಿಯವರ ‘ಶರಪಂಜರ’ವನ್ನು ಮತ್ತೊಮ್ಮೆ ಓದಿ. ಕಾವೇರಿಯ ಮನಸ್ಸನ್ನು ಕೊಂದವರು ಯಾರು? ಮನೆಯವರೆಲ್ಲ ಶಂಕಿತರು, ಆಯುಧ ಬರೀ ನೋಟ ಮತ್ತು ಪಿಸುಮಾತು. ಕ್ರಿಸ್ಟಿಯ 1934ರ ರೈಲಿನ ಕಾದಂಬರಿ ಓದಿದವರಿಗೆ ಉತ್ತರ ತಾನೇ ತಿಳಿದೀತು. ಓದದವರಿಗೆ ಹೇಳುವುದು ಶಿಷ್ಟಾಚಾರವಲ್ಲ.

ಪ್ರಬಂಧವನ್ನು ಮೌಖಿಕ ಪರೀಕ್ಷೆಗೆಂದು ದೊಡ್ಡಮ್ಮನ ಮುಂದೆ ಪೂರ್ತಿ ಓದಲಾಯಿತು. ಆಕೆ ಒಂದು ಮೊರ ಕಾಯಿ ಸುಲಿದು ಮುಗಿಸಿದಳು.

“ಶಿರಾಕ್ಕೆ ನೀನು ಹೋಗೇ ಇಲ್ವಲ್ಲೋ.”

ಸಂಶೋಧಕನು ಕ್ಷೇತ್ರಕಾರ್ಯದ ಎರಡು ದಿನಗಳತ್ತ ಆಕೆಯ ಗಮನ ಸೆಳೆದನು.

“ಮಧುಗಿರೀಲಿ ಬಸ್ಸಾರು ಅಂದೆ. ಪಾವಗಡದಾಗೆ ಬಜ್ಜಿ ಅಂದೆ. ಶಿರಾದಾಗೆ ಎರಡು ದಿನ ಬರೀ ಇಸ್ವಿ ತಿಂದ್ಕೊಂಡಿದ್ಯಾ? ಕಡ್ಲೆಕಾಯಿ ಸೀಮೆಗೆ ಹೋದವ್ನು ದೊಡ್ಡಮ್ಮಂಗೆ ಅಂತ ಒಂದ್ ಸೇರು ಕಡ್ಲೆಕಾಯೂ ತರ್ಲಿಲ್ಲ.” ಮೊರ ಕೊಡವಿ, ಇನ್ನೊಂದು ರಾಶಿ ಕಾಯಿ ಸುರಿದುಕೊಂಡಳು. “ಆ ಎರಡು ದಿನ ಎಲ್ಲಿದ್ದೆ ಅಂತ ನಿನ್ ಹೆಂಡ್ತಿಗೆ ಗೊತ್ತೇನಪ್ಪಾ?”

ಸಂಶೋಧಕನು ಹಾಳೆಗಳನ್ನು ಪಕ್ಕಕ್ಕಿಟ್ಟು ಅವರೆಕಾಯಿ ಸುಲಿಯತೊಡಗಿದನು.