ಹಾರ್ನ್ ಸ್ಪೀಕರಿನ ಮುಪ್ಪು

ರಾಮದುರ್ಗ ತಾಲ್ಲೂಕಿನ ಗೊಡಚಿ ಜಾತ್ರೆಯಾಗಲಿ, ಕಿತ್ತೂರು ಉತ್ಸವವಾಗಲಿ, ಬೈಲಹೊಂಗಲ ಸೀಮೆಯ ಸಣ್ಣಾಟವೆಂಬ ಜನಪದ ನಾಟಕವಾಗಲಿ, ಕಂಬದ ಮೇಲಿನ ಹಾರ್ನ್ ಸ್ಪೀಕರ್ ಒಮ್ಮೆ ಕೆಮ್ಮಿ ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಎಂಬ ನಾಂದಿಯನ್ನು ಪಠಿಸದ ಹೊರತು ಆರಂಭವಾಗುವ ಸಂಪ್ರದಾಯವಿಲ್ಲ; ಆದರೆ ಆ ಕೆಮ್ಮು ವಯೋಸಹಜವೋ ರೋಗವೋ ಎಂಬ ನಿರ್ಣಯಕ್ಕೆ ಅದರ ಅಂಗರಚನೆಯನ್ನು ಅರಿಯುವುದು ಅವಶ್ಯಕ.

ಹಾರ್ನಿನ ಹಿಂಬದಿಗೆ ತಿರುಗಿಸಿ ಕೂಡಿಸುವ ‘ಯೂನಿಟ್’ನಲ್ಲಿ ಅಯಸ್ಕಾಂತವೂ, ಅದರ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿಯೂ, ಸುರುಳಿಗೆ ಅಂಟಿದ ಡಯಾಫ್ರಮ್ ಎಂಬ ತೆಳುಪೊರೆಯೂ ಇದ್ದು, ಆಂಪ್ಲಿಫೈಯರಿನ ವಿದ್ಯುತ್ತಿಗೆ ಸುರುಳಿ ಅದುರಿದಂತೆ ಪೊರೆಯು ಗಾಳಿಯನ್ನು ತಳ್ಳಿ ಶಬ್ದವನ್ನು ಹುಟ್ಟಿಸುತ್ತದೆ. ಮುಪ್ಪಡರಿದ ಪೊರೆ ಪೆಡಸಾಗಿ ಸೀಳುತ್ತದೆ. ಸಂದಿಗೆ ಧೂಳು ಸೇರಿದರೆ ಸುರುಳಿ ಉಜ್ಜತೊಡಗಿ, ಭಜನೆಗೂ ಜಗಳಕ್ಕೂ ಭೇದವೇ ಉಳಿಯುವುದಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಧೂಳಿನೊಡನೆ ಭಕ್ತರು ತೂರುವ ಭಂಡಾರವೂ ಸೇರುವುದರಿಂದ, ಜಾತ್ರೆಯ ಹುಣ್ಣಿಮೆ ಕಳೆಯುವಷ್ಟರಲ್ಲಿ ಹಾರ್ನಿಗೆ ಅರಿಶಿನಶಾಸ್ತ್ರವೂ ಮುಗಿದಿರುತ್ತದೆ. ಈ ಧೂಳು-ಭಂಡಾರವನ್ನು ಒಣ, ಮೆತ್ತನೆಯ ಬ್ರಷ್‌ನಿಂದ ತೆಗೆಯಬೇಕೇ ಹೊರತು ನೀರು ಸುರಿದಲ್ಲ.

ಸುರುಳಿಸಹಿತ ಪೊರೆಯನ್ನು ಬದಲಿಸಿ ಸಂದಿನ ನಟ್ಟನಡುವೆ ಕೂರಿಸುವುದು, ಮಳೆನೀರು ನಿಲ್ಲದಂತೆ ಹಾರ್ನಿನ ಬಾಯಿಯನ್ನು ತುಸು ಕೆಳಮುಖವಾಗಿ ಕಟ್ಟುವುದು, ಇವು ಬಲ್ಲವರ ಚಿಕಿತ್ಸೆ. ಸಂಘಟಕರ ಚಿಕಿತ್ಸೆ ಇನ್ನೂ ಸರಳವಾದುದು: ದನಿ ಒಡೆದಷ್ಟೂ ವಾಲ್ಯೂಮ್ ಏರಿಸುವುದು. ಇದರಿಂದ ಸುರುಳಿ ಸುಟ್ಟು ಊರಿಗೆ ನಿದ್ರೆ ಪ್ರಾಪ್ತವಾಗುತ್ತದೆ. ಸುಡದೆ ಉಳಿದ ಹಾರ್ನಿಗಾದರೂ, ಸಣ್ಣಾಟ ಬೆಳಗಿನವರೆಗೆ ನಡೆದರೂ, 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಕೂಗುವ ಹಕ್ಕಿಲ್ಲ. ಸರ್ಕಾರ ಕೊಡಬಹುದಾದ ವಿನಾಯಿತಿ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿಯವರೆಗೆ ಮಾತ್ರ.