512 ಚಾನೆಲ್ಲು, ಆರು ದೀಪ

ದಬ್ಬೇಘಟ್ಟದ ಕಡೆಯ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಲೈಟಿಂಗ್ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಹಳೇ ಸ್ವಿಚ್ ಬೋರ್ಡಿನ ಜಾಗಕ್ಕೆ ಡಿಎಂಎಕ್ಸ್ ಕನ್ಸೋಲ್ ಬಂದಿತ್ತು. ಒಂದೇ ಕೇಬಲ್ಲಿನಲ್ಲಿ 512 ಚಾನೆಲ್! ನಮ್ಮಲ್ಲಿದ್ದದ್ದು ಆರು ದೀಪ. “ಮಿಕ್ಕಿದ್ದನ್ನ ಕೊಬ್ಬರಿ ಮಂಡಿಗೆ ಬಾಡಿಗೆಗೆ ಕೊಡೋಣ್ವೇ?” ಅಂದರು ಹೆಡ್‌ಮಾಸ್ಟರು.

“ಅದೆಲ್ಲ ಯಾಕ್ರೀ? ಆಗೆಲ್ಲ ದೀಪದ ತಂತಿಗೆ ಕಟ್ಟಿದ ತಗಡನ್ನ ಉಪ್ಪುನೀರಿಗೆ ಇಳಿಸಿದ್ರೆ ಸೂರ್ಯೋದಯ, ಎತ್ತಿದ್ರೆ ಸೂರ್ಯಾಸ್ತ,” ಎಂದು ಹಾರ್ಮೋನಿಯಂ ಮೇಷ್ಟ್ರು ಮೂಗು ಮುರಿದರು, ಗುಬ್ಬಿ ನಾಟಕ ಕಂಪನಿಯನ್ನು ತಾವೇ ಕಟ್ಟಿದ ಠೀವಿಯಲ್ಲಿ. ಉಪ್ಪು ಹೆಚ್ಚಾದರೆ ಬೆಳಕು ಹೆಚ್ಚು. ಅಡುಗೆಭಟ್ಟರ ಕೆಲಸವೇ ಸರಿ.

ನಾಟಕ ಶುರುವಾಯ್ತು. ಕೃಷ್ಣನ ಪ್ರವೇಶ. ನೀಲಿ ಫೇಡರನ್ನು ನಾಜೂಕಾಗಿ ಏರಿಸಿದೆ. ಅದೇ ಗಳಿಗೆಗೆ ಒಣ ತೆಂಗಿನ ಗರಿಯೊಂದು ಲೈನ್ ಮೇಲೆ ಬಿದ್ದು ಊರಿಗೂರೇ ಕತ್ತಲು. ಜನ ಮೊಬೈಲ್ ಟಾರ್ಚ್ ಹಿಡಿದರು. ಸರದಿಯಲ್ಲದಿದ್ದರೂ ದುರ್ಯೋಧನ ಮುಂದೆ ಬಂದು ಕಂದಪದ್ಯ ಶುರುಹಚ್ಚಿಕೊಂಡ.